ಹೆಸರಿಡದ ಕೂಸಿಗೆ ಅಳುವುದು

ಯಾದಗಿರಿಯ ದೊಡ್ಡಾಸ್ಪತ್ರೆಯ ಆ ಸಣ್ಣ ಕೋಣೆಯಲ್ಲಿ ಅವತ್ತು ನಾವು ಮೂವರಿದ್ದೆವು. ಮೇಜಿನ ಆಚೆ ಡಾಕ್ಟರಮ್ಮ, ಈಚೆ ನಾನು, ಬಾಗಿಲ ಪಕ್ಕದ ಸ್ಟೂಲಿನ ಮೇಲೆ ನನ್ನ ಗಂಡ ಭೀಮಣ್ಣ. ಹೊರಗಿನ ಬೋರ್ಡಿನಲ್ಲಿ ಆಪ್ತಸಮಾಲೋಚಕಿ ಎಂದು ಬರೆದಿತ್ತು. ಬೆಂಚಿನ ಮೇಲೆ ಪಾಳಿಗೆ ಕೂತ ನಮ್ಮಂಥವರೆಲ್ಲ ಅವರನ್ನು ಮಾತಿನ ಡಾಕ್ಟರಮ್ಮ ಎಂದೇ ಅನ್ನುತ್ತಿದ್ದೆವು. ಮೈಸೂರು ಕಡೆಯವರು, ಮೆತ್ತನೆಯ ದನಿ. "ಈ ವಾರ ಹೇಗಿತ್ತು ಶರಣಮ್ಮ?" ಎಂದು ಕೇಳಿದರು.

ನಾನು ಹೇಳತೊಡಗಿದೆ. ಸುರಪುರದಿಂದ ಬರುವಾಗ ಬಸ್ಸಿನಲ್ಲಿ ಒಬ್ಬ ಮುದುಕಿ ಚೀಲದಲ್ಲಿ ಕೋಳಿ ಇಟ್ಟುಕೊಂಡು ಕೂತದ್ದು, ಕಂಡಕ್ಟರು ಕೋಳಿಗೂ ಟಿಕೀಟು ತಗೋ ಎಂದದ್ದು, ಮುದುಕಿ "ಹಂಗಾದ್ರ ಮೊದಲು ಅದಕ್ಕೊಂದು ಸೀಟ್ ತೋರ್ಸು" ಎಂದು ಕೋಳಿಯನ್ನು ಎತ್ತಿ ಅವನ ಕೈಗೇ ಕೊಟ್ಟದ್ದು, ಅದು ಅವನ ಟಿಕೀಟಿನ ಮಶೀನು ಕುಕ್ಕಿದ್ದು. ಮುದುಕಿಯ ದನಿ, ಕಂಡಕ್ಟರನ ದನಿ, ಕೋಳಿಯ ದನಿ, ಮೂರನ್ನೂ ಮಾಡಿ ತೋರಿಸಿದೆ. ಡಾಕ್ಟರಮ್ಮ ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಹೊರಗೆ ಬೆಂಚಿನ ಮೇಲಿದ್ದವರೂ ನಕ್ಕದ್ದು ಕೇಳಿಸಿತು. ಭೀಮಣ್ಣ ನಗಲಿಲ್ಲ.

ವಾಪಸು ಬರುವಾಗ ಬಸ್ಸು ಶಹಾಪುರ ದಾಟಿತು. ಆಮೇಲೆ ಅವನು ಕಿಟಕಿಯ ಕಡೆ ಮುಖ ಮಾಡಿಯೇ ಅಂದ: "ಅಕಿಗೂ ನಗಿಸಿ ಬಂದಿ ನೀ."

"ಹ್ಞೂಂ."

"ಬರೂಮುಂದ ಬಸ್ಸಿನ್ಯಾಗ ಯಾ ಮುದುಕಿನೂ ಇದ್ದಿಲ್ಲ ಶರಣಿ. ಯಾ ಕೋಳಿನೂ ಇದ್ದಿಲ್ಲ. ನಾ ನಿನ್ನ ಬಾಜೂಕೇ ಕುಂತಿದ್ನಿ."

ಹೌದು, ಇರಲಿಲ್ಲ. ಬರುವಾಗ ದಾರಿಯುದ್ದಕ್ಕೂ ನಾನು ಮುಂದಿನ ಸೀಟಿನ ಹರಿದ ರೆಕ್ಸಿನ್ ನೋಡುತ್ತ, ಇವತ್ತು ಡಾಕ್ಟರಮ್ಮನಿಗೆ ಏನು ಹೇಳಲಿ ಎಂದು ಕತೆ ಕಟ್ಟುತ್ತಿದ್ದೆ. ಆ ಕೋಣೆಗೆ ಬರಿಗೈಲಿ ಹೋಗಲು ನನಗೆ ಬರುತ್ತಿರಲಿಲ್ಲ. ನೆಂಟರ ಮನೆಗೆ ಹೋಗುವಾಗ ಬಾಳೆಹಣ್ಣು ಒಯ್ದಂತೆ, ವಾರಕ್ಕೊಂದು ಕತೆ ಒಯ್ಯುತ್ತಿದ್ದೆ.

ನಾನು ಯಾರು ಎಂದು ಹೇಳಿಬಿಡುತ್ತೇನೆ. ಸುರಪುರದಲ್ಲಿ ಅಂಗನವಾಡಿ ಶಿಕ್ಷಕಿ. ಭೀಮಣ್ಣನಿಗೆ ಊರ ನಳಗಳಿಗೆ ನೀರು ಬಿಡುವ ಕೆಲಸ. ನನಗೆ ಮಾತು ಕಲಿಸಿದವಳು ತಿಂಥಣಿಯ ನಮ್ಮಜ್ಜಿ. ಹೊಳೆಗೆ ಬಟ್ಟೆ ಒಗೆಯಲು ಹೋದರೆ ಒಂದು ಸೀರೆ ಒಗೆಯುವಷ್ಟರಲ್ಲಿ ಒಂದು ಮನೆತನದ ಕತೆ ಮುಗಿಸುತ್ತಿದ್ದಳು. ಅವಳಿಗೆ ಇನ್ನೊಂದು ವಿದ್ಯೆ ಇತ್ತು, ಸಾವಿನ ಮನೆಯಲ್ಲಿ ಅಳುವುದು. ನಮ್ಮ ಕಡೆ ಹೆಂಗಸರು ಸತ್ತವರ ಮನೆಗೆ ಹೋಗಿ ಮನೆಯವರ ಕೊರಳಿಗೆ ಬಿದ್ದು, ಸತ್ತವರ ಹೆಸರು ಹಿಡಿದು, ಹಾಡಿನ ಹಾಗೆ ಮಾತು ಜೋಡಿಸಿ ಅಳುತ್ತಾರೆ. ಅಜ್ಜಿ ಒಂದು ಎಳೆ ಎತ್ತಿಕೊಟ್ಟರೆ ಕಲ್ಲಿನಂತೆ ಕೂತ ಸೊಸೆಯೂ ಬಾಯಿ ಬಿಟ್ಟು ಅಳುತ್ತಿದ್ದಳು. ಅಜ್ಜಿ ಹೋದ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು. ಓಣಿಯಲ್ಲಿ ಯಾರಾದರೂ ಹೋದರೆ "ಶರಣವ್ವಗ ಕರೀರಿ" ಅನ್ನುತ್ತಿದ್ದರು.

ಅಂಥವಳ ಮನೆಯಲ್ಲಿ ಕೂಸು ಹೋಯಿತು. ನನ್ನ ಎರಡನೆಯದು. ದಿನ ತುಂಬುವ ಮುಂಚೆ ಒಂದು ಬೆಳಿಗ್ಗೆ ಹುಟ್ಟಿತು, ಹೊತ್ತು ಮುಳುಗುವುದರೊಳಗೆ ಹೋಯಿತು. ಯಾರ ತಪ್ಪೂ ಇರಲಿಲ್ಲ, ಉಸಿರು ಬಲಿತಿರಲಿಲ್ಲ. ಗಂಡಸರು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಹೋದರು. ಶಹಾಪುರದ ಹತ್ತಿರದ ಗೋಗಿ ಎಂಬ ಊರಿನಿಂದ ಬಂದಿದ್ದ ಅತ್ತೆ ನನ್ನ ಎದೆಗೆ ಮಲ್ಲಿಗೆ ಹೂ ಇಟ್ಟು ಬಿಗಿಯಾಗಿ ಬಟ್ಟೆ ಕಟ್ಟಿದರು, ಹಾಲು ಬತ್ತಲಿ ಎಂದು. "ಅಳಬ್ಯಾಡ. ಹೆಸರಿಡದ ಕೂಸಿಗೆ ಅಳಬಾರದು. ಮುಂದಿನದಕ್ಕ ತ್ರಾಸ್ ಆಗ್ತದ" ಎಂದರು. ಕೆಟ್ಟದ್ದಕ್ಕೆ ಹೇಳಿದ್ದಲ್ಲ, ಅವರಿಗೂ ಯಾರೋ ಹೇಳಿದ್ದು. ನಮ್ಮಲ್ಲಿ ಹಾಗೆಯೇ. ತೊಟ್ಟಿಲಿಗೆ ಹಾಕಿ ಹೆಸರು ಕೂಗುವ ಮೊದಲೇ ಹೋದದ್ದಕ್ಕೆ ಮಾತಾಡಿಸಲು ಯಾರೂ ಬರುವುದಿಲ್ಲ. ಸಾವಿನ ಮನೆಗೆ ನೆರೆಮನೆಯಿಂದ ಬರುವ ರೊಟ್ಟಿಯೂ ಬರುವುದಿಲ್ಲ. ಮೂರನೆಯ ದಿನ ಪಲ್ಯ ಮಾರುವವಳು ಬಂದಾಗ ನಾನೇ ಎದ್ದು ಬಾಗಿಲಿಗೆ ಹೋಗಿ ಬದನೆಕಾಯಿ ಆರಿಸಿದೆ. "ಮೈಗೆ ಹುಷಾರದಿ?" ಎಂದಳು. "ಹುಷಾರದೀನಿ" ಎಂದು ಅವಳಿಗೂ ಏನೋ ಒಂದು ಹೇಳಿ ನಗಿಸಿದೆ.

ರೋಗ ಹೀಗೆ ಶುರುವಾಯಿತು. ಮಂದಿಯ ಮುಂದೆ ನಗಿಸುತ್ತಿದ್ದೆ. ಮಂದಿ ಹೋದ ಕೂಡಲೇ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದೆ. ಹಸಿವೆ ಇಲ್ಲ, ನಿದ್ದೆ ಇಲ್ಲ, ಸ್ನಾನ ಮಾಡಲೂ ಮನಸ್ಸಿಲ್ಲ. ಕೆಲಸಕ್ಕೆ ಮರಳಿದ ಮೇಲೆ ಒಂದು ದಿನ ಕೂಸೊಂದನ್ನು ತೂಕದ ಜೋಳಿಗೆಗೆ ಹಾಕಬೇಕಿತ್ತು. ಕೈಯಲ್ಲಿ ಹಿಡಿದೆ, ಇಡಲು ಬರಲಿಲ್ಲ, ಕೊಡಲೂ ಬರಲಿಲ್ಲ. ಅದರ ತಾಯಿ ಬಿಡಿಸಿಕೊಂಡಳು. ಅವತ್ತಿನಿಂದ ರಜೆ. ನಾನು ಇಲ್ಲದಿದ್ದರೆ ಈ ಮನೆಗೆ ಏನೂ ಕಡಿಮೆಯಾಗುವುದಿಲ್ಲ ಎಂಬ ಯೋಚನೆ ಮನೆಯ ಬೆಕ್ಕಿನ ಹಾಗೆ ಬಂದು ಪಕ್ಕದಲ್ಲಿ ಮಲಗುತ್ತಿತ್ತು.

ನನಗೊಬ್ಬಳು ದೊಡ್ಡ ಮಗಳಿದ್ದಾಳೆ, ರೇಣುಕಾ, ರೇಣಿ. ಆಗ ಒಂದನೆಯ ತರಗತಿ. ಅವಳ ಜಡೆ ಜಿಡ್ಡುಗಟ್ಟಿತು. ಶಾಲೆಗೆ ಬುತ್ತಿ ಇಲ್ಲದೆ ಹೋಗತೊಡಗಿದಳು. ಅತ್ತೆ ಬಂದು ನೋಡಿ ಅವಳ ಬಟ್ಟೆ ಗಂಟು ಕಟ್ಟಿ, ಗೋಗಿಯ ಶಾಲೆಗೇ ಹಚ್ಚುತ್ತೇನೆಂದು ಕರೆದೊಯ್ದರು. "ನೀ ಸುಧಾರಿಸು. ಆಮ್ಯಾಲ ನಿನ್ನ ಮಗಳಿಗಿ ಒಯ್ಯಿ. ನಾ ಏನ್ ಇಟ್ಕೊಂಡು ಪೂಜಿ ಮಾಡ್ಲಿ?" ಎಂದರು. ರೇಣಿ ಟಂಟಂ ಆಟೋ ಹತ್ತುವಾಗ ನನ್ನ ಕಡೆ ತಿರುಗಲಿಲ್ಲ.

ಅವಳನ್ನು ಮನೆಗೆ ತರಬೇಕು. ಅದೊಂದಕ್ಕೇ ನಾನು ಯಾದಗಿರಿಯ ಬೆಂಚಿನ ಮೇಲೆ ಕೂತದ್ದು. ಗುಳಿಗೆ ಬರೆಯುವ ಡಾಕ್ಟರು ಬೇರೆ, ಅವರು ಬರೆದದ್ದನ್ನು ನುಂಗಿದೆ. ಮಾತಿನ ಡಾಕ್ಟರಮ್ಮನ ಮುಂದೆ ಕತೆ ಹೇಳಿದೆ. ಕೂಸಿನ ಬಗ್ಗೆ ಅವರು ಕೇಳಲಿಲ್ಲ ಎಂದಲ್ಲ, ಮೊದಲ ದಿನವೇ ಕೇಳಿದ್ದರು. ನಾನು ಅದನ್ನೂ ಕತೆ ಮಾಡಿ ಹೇಳಿದೆ. ಎಲ್ಲಿ ನಿಲ್ಲಬೇಕು, ಎಲ್ಲಿ ದನಿ ಇಳಿಸಬೇಕು ಎಂದು ನನಗೆ ಗೊತ್ತು. ಕೇಳಿದವರ ಕಣ್ಣು ತೇವವಾಯಿತು, ನನ್ನವು ಆಗಲಿಲ್ಲ.

ನಡುವೆ ಒಮ್ಮೆ ಗೋಗಿಗೆ ಹೋದೆ, ನಾನು ಸುಧಾರಿಸಿದ್ದೇನೆ ಎಂದು ತೋರಿಸಲು. ಅಂಗಳದಲ್ಲಿ ಅಕ್ಕಪಕ್ಕದವರನ್ನೆಲ್ಲ ಕೂಡಿಸಿಕೊಂಡು ಒಂದರ ಮೇಲೊಂದು ಹೇಳಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ದೊಡ್ಡ ದನಿ ಮಾಡಿ ನಕ್ಕೆ. ತಿರುಗಿ ನೋಡಿದರೆ ರೇಣಿ ಇಲ್ಲ. ದನದ ಕೊಟ್ಟಿಗೆಯಲ್ಲಿ ಎಮ್ಮೆಯ ಹಿಂದೆ ನಿಂತಿದ್ದಳು.

"ಬಾರವ್ವ" ಅಂದೆ.

"ವಲ್ಲೆ."

"ಯಾಕ?"

"ನೀ ನಕ್ಕಿದಿ. ಈಗ ಮಕ್ಕೊಂತಿ."

ಅಷ್ಟು ಸಣ್ಣ ಹುಡುಗಿಗೆ ನನ್ನ ರೋಗ ತಿಳಿದಿತ್ತು. ನಗುವಿನ ಹಿಂದೆ ಗೋಡೆ ಬರುತ್ತದೆ ಎಂದು ಅವಳು ನೋಡಿ ನೋಡಿ ಕಲಿತಿದ್ದಳು. ಅತ್ತೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು. ನಾನು ಒಬ್ಬಳೇ ಶಹಾಪುರದ ಟಂಟಂ ಹತ್ತಿದೆ.

ಕೋಳಿಯ ಕತೆ ಹೇಳಿದ್ದು ಇದಾದ ಮೇಲೆ. ಭೀಮಣ್ಣ ಆ ಮಾತು ಅಂದ ಮುಂದಿನ ವಾರ ನಾನು ಡಾಕ್ಟರಮ್ಮನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ: "ಮೇಡಂ, ಆ ಕೋಳಿ ಸುಳ್ಳು. ನಾ ಇಲ್ಲಿಗಿ ಬಂದು ನಿಮಗ ಖುಷಿ ಮಾಡಿ ಹೋಗ್ತೀನಿ. ನನಗ ಈ ಕುರ್ಚಿ ಹೊಂದಲ್ಲರಿ."

ಅವರಿಗೆ ಸಿಟ್ಟು ಬರಲಿಲ್ಲ. ಪೆನ್ನು ಕೆಳಗಿಟ್ಟರು. "ನಾನೂ ನಗಬಾರದಿತ್ತೇನೋ. ಬರೋದು ನಿಲ್ಲಿಸಿದ್ರೆ ನಿಲ್ಲಿಸಿ. ಮಾತ್ರೆ ಮಾತ್ರ ನೀವಾಗಿ ನಿಲ್ಲಿಸಬೇಡಿ. ಒಬ್ಬರೇ ಇರಬೇಡಿ. ಯಾವಾಗ ಬೇಕಾದ್ರೂ ಬನ್ನಿ, ಕತೆ ಇಲ್ಲದೆ" ಎಂದರು. ಇದನ್ನು ಓದುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ನಾನು ಬಿಟ್ಟದ್ದು ಆ ಕುರ್ಚಿಯನ್ನು, ಗುಳಿಗೆಯನ್ನಲ್ಲ. ಮತ್ತು ನನ್ನ ಹಾಗೆ ಬಾಯಿಯ ಹಿಂದೆ ಅಡಗಿಕೊಳ್ಳದವರಿಗೆ ಆ ಕುರ್ಚಿಯೇ ದೇವರು. ಬೆಂಚಿನ ಮೇಲೆ ಅಂಥವರನ್ನು ಕಣ್ಣಾರೆ ಕಂಡಿದ್ದೇನೆ.

ಒಬ್ಬರೇ ಇರಬೇಡಿ ಎಂದರಲ್ಲ, ಹೋಗುವುದೆಲ್ಲಿಗೆ? ನಮ್ಮ ಓಣಿಯ ಖಾಜಾಬಿ ಗಂಡ ಸತ್ತ ಮೇಲೆ ಊರ ಹೊರಗಿನ ಗುಡ್ಡಕ್ಕೆ ಹೋಗುತ್ತಿದ್ದಳು. ರಾಮಸಮುದ್ರ ಕಡೆಯ ಒಬ್ಬ ನರ್ಸಮ್ಮ, ಕೆಲಸದಿಂದ ನಿವೃತ್ತಿಯಾಗಿ ಸುರಪುರದಲ್ಲೇ ಉಳಿದವರು, ಮನಸ್ಸಿಗೆ ಪೆಟ್ಟು ತಿಂದ ಹೆಂಗಸರನ್ನು ಕೂಡಿಸಿಕೊಂಡು ಅಲ್ಲಿ ಜಾಲಿ ಕಡಿದು, ಗುಂಡಿ ತೋಡಿ, ಬೇವು, ಹುಣಸೆ, ಸೀತಾಫಲದ ಸಸಿ ಹಚ್ಚುತ್ತಿದ್ದರು. ಮುಂಜಾನೆ ಕೆಳಗಿನ ಬಾವಿಯಿಂದ ಕೊಡ ಹೊತ್ತು ಮೇಲೆ ಹೋಗಿ ನೀರು ಹಾಕುವುದು, ಬಿಸಿಲೇರುವ ಮುಂಚೆ ಬಂಡೆಯ ನೆರಳಿಗೆ ಕೂತು ತಂದ ರೊಟ್ಟಿ ಹಂಚಿ ತಿನ್ನುವುದು, ಮನೆಗೆ ಹೋಗುವುದು. ಯಾರೂ ಯಾರ ಕತೆಯನ್ನೂ ಕೇಳುವ ಹಾಗಿಲ್ಲ, ತಾವಾಗಿ ಹೇಳಿದರೆ ಮಾತ್ರ.

ಮೊದಲ ದಿನ ನಾನು ಬಾವಿಯ ಹತ್ತಿರವೇ ಒಂದು ಕತೆ ಶುರು ಮಾಡಿದೆ. ಖಾಜಾಬಿ ನನ್ನ ತಲೆಯ ಮೇಲೆ ತುಂಬಿದ ಕೊಡ ಇಟ್ಟಳು. "ಅಬ್ ಬೋಲ್, ಈಗ ಹೇಳು" ಎಂದಳು. ನಾಕು ಹೆಜ್ಜೆ ಏರುವಷ್ಟರಲ್ಲಿ ಕತೆ ನಿಂತಿತು. ಉಸಿರು ಸಾಲಲಿಲ್ಲ. ಹಿಂದೆ ಬರುತ್ತಿದ್ದವರು ನಕ್ಕರು. "ಯಾಕಬೇ ಶರಣವ್ವ, ರೇಡಿಯೋದ ಸೆಲ್ ಮುಗದುವೇನು?"

ಅಲ್ಲಿ ನನಗೆ ಸಿಕ್ಕ ಮೊದಲ ದಯೆ ಅದು. ನಗಿಸದೇ ನಾಕು ಮಂದಿಯ ನಡುವೆ ಇರುವುದು. ಬೆನ್ನಿಗೆ ಬೆವರು, ಕಾಲಿಗೆ ಮುಳ್ಳು, ಕಲ್ಲಿನ ಸಂದಿಯಿಂದ ತಲೆ ಎತ್ತಿ ನೋಡುವ ಓತಿಕ್ಯಾತ. ಗುಡ್ಡಕ್ಕೆ ನನ್ನಿಂದ ಏನೂ ಬೇಕಿರಲಿಲ್ಲ. ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದೆ, ಅದು ತಪ್ಪಲಿಲ್ಲ. ಆದರೆ ಮಲಗುವ ಮುಂಚೆ ಕಾಲು ತೊಳೆದುಕೊಳ್ಳುತ್ತಿದ್ದೆ.

ಇಲ್ಲಿಂದ ಮುಂದೆ ನಾನು ಗುಣವಾದೆ ಎಂದು ಬರೆಯಲು ನನಗೂ ಆಸೆ. ಹಾಗಾಗಲಿಲ್ಲ. ಒಂದು ದಿನ ಬೇರೆ ಊರಿನಿಂದ ನೋಡಲು ಬಂದ ಒಬ್ಬರು, ಒಳ್ಳೆಯ ಮನಸ್ಸಿನವರೇ, ಎಲ್ಲರೂ ತಾವು ಕಳೆದುಕೊಂಡವರ ಹೆಸರನ್ನು ಒಂದೊಂದು ಸಸಿಗೆ ಇಡೋಣ ಎಂದರು. ಖಾಜಾಬಿ ತನ್ನ ಗಂಡನ ಹೆಸರಿಟ್ಟು, "ಇದೂ ಅವನಂಗೇ ಸೊಟ್ಟ ಬೆಳಿತದ" ಎಂದು ನಗಿಸಿದಳು. ನನ್ನ ಪಾಳಿ ಬಂತು. ಇಡಲು ಹೆಸರೇ ಇರಲಿಲ್ಲ. ಎದ್ದು ಗುಡ್ಡ ಇಳಿದುಬಿಟ್ಟೆ. ಮಾರನೆಯ ದಿನದಿಂದ ನರ್ಸಮ್ಮ ಆ ಮಾತೇ ಎತ್ತಲಿಲ್ಲ.

ಆಮೇಲೆ ಬೇಸಿಗೆ. ನಮ್ಮ ಕಡೆಯ ಬೇಸಿಗೆಯನ್ನು ಬಲ್ಲವರೇ ಬಲ್ಲರು. ಬಾವಿಯ ನೀರು ಕೊಡ ಮುಳುಗದಷ್ಟು ಕೆಳಗಿಳಿಯಿತು. ಭೀಮಣ್ಣ ಕೆಲಸ ಮುಗಿಸಿ ಸೈಕಲ್ಲಿಗೆ ಎರಡು ಕ್ಯಾನು ಕಟ್ಟಿಕೊಂಡು ಗುಡ್ಡದ ಬುಡಕ್ಕೆ ನೀರು ತಂದು ಇಟ್ಟು ಹೋಗುತ್ತಿದ್ದ. ಆದರೂ ಸಸಿಗಳು ಒಣಗಿದವು. ಒಂದು ಮುಂಜಾನೆ ನಾನು ನೀರು ಹಾಕುತ್ತಿದ್ದ ಇಡೀ ಸಾಲು ಕಡ್ಡಿಯಾಗಿ ನಿಂತಿತ್ತು. ಅಲ್ಲೇ ಕುಸಿದು ಕೂತೆ. "ನಾ ಮುಟ್ಟಿದ್ದೆಲ್ಲ ಹಿಂಗೇ ಆಗ್ತದ" ಎಂದೆ.

ಖಾಜಾಬಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಹೌದಬೇ, ನೀ ಭಾಳ್ ದೊಡ್ಡಾಕಿ. ಬಿಸಲೂ ನಿನ್ನ ಮಾತು ಕೇಳ್ತದ. ನನ್ನ ಸಾಲೂ ಸತ್ತಾವ, ನೋಡು. ಅದೂ ನೀನೇ ಮುಟ್ಟಿದೇನು?"

ನಾನು ಏಳಲಿಲ್ಲ. ಅವಳು ಪಕ್ಕದಲ್ಲಿ ಕೂತಳು. ಹೆಂಗಸರು ಒಬ್ಬೊಬ್ಬರಾಗಿ ಕೊಡ ಇಳಿಸಿ ಬಂದು ಕೂತರು. ಆಮೇಲೆ ಖಾಜಾಬಿ ಅಕ್ಕಿಯೋ ಜೋಳವೋ ಎಂದು ಕೇಳುವ ದನಿಯಲ್ಲಿ ಕೇಳಿದಳು:

"ಗಂಡೋ ಹೆಣ್ಣೋ?"

"ಗಂಡು" ಅಂದೆ.

"ಯಾರಂಗಿತ್ತು?"

"ಮೂಗು ನಮ್ಮಪ್ಪಂದು."

ಅಷ್ಟೇ ಹೇಳಲು ಬಂತು. ಹಿಂದಿಲ್ಲ, ಮುಂದಿಲ್ಲ. ಅದು ಕತೆಯಾಗಲಿಲ್ಲ. ಖಾಜಾಬಿ ನನ್ನ ಕೊರಳಿಗೆ ಕೈ ಹಾಕಿ, "ಅಳು" ಎಂದಳು.

"ಹೆಸರಿಡದ ಕೂಸಿಗೆ ಅಳಬಾರದು ಅಂತಾರ. ಏನಂತ ಕರದು ಅಳ್ಲಿ?"

"ನಿನಗ ಹೆಸರ್ ಯಾರ್ ಕೇಳ್ಯಾರ? ಅಳಾಕ ಆಧಾರ್ ಕಾರ್ಡ್ ಬೇಕೇನು?"

ಯಾರೋ ನಕ್ಕರು, ನಗುತ್ತಲೇ ಅಳತೊಡಗಿದರು. ಸಾವಿನ ಮನೆಯಲ್ಲಿ ಬರುವಂತೆ ಒಬ್ಬೊಬ್ಬರೂ ಬಂದು ನನ್ನ ಕೊರಳಿಗೆ ಬಿದ್ದರು. ಊರಿಗೆಲ್ಲ ಮಾತು ಜೋಡಿಸಿ ಅತ್ತ ನನ್ನ ಬಾಯಲ್ಲಿ ಒಂದು ಮಾತೂ ಹುಟ್ಟಲಿಲ್ಲ. ದನ ಕೂಗಿದ ಹಾಗೆ ಬರೀ ದನಿ. ಮಾತನ್ನು ಅವರೇ ಜೋಡಿಸಿದರು. "ನೀ ಕುಡಿಯೂ ಹಾಲು ಮಲ್ಲಿಗಿ ಹೂ ಕುಡದಾವೋ ನನ ಕೂಸೇ" ಎಂದು ಒಬ್ಬಳು ಎಳೆ ಎತ್ತಿದಳು. ಅವಳಿಗೆ ನಾನು ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ನರ್ಸಮ್ಮ ನನ್ನ ಬೆನ್ನ ಹಿಂದೆ ಕೂತು ಬೆನ್ನು ನೀವುತ್ತಿದ್ದರು. ಅಂದು ಮಧ್ಯಾಹ್ನ ನಮ್ಮ ಮನೆಗೆ ಐದಾರು ಮನೆಯ ರೊಟ್ಟಿ ಬಂತು. ಭೀಮಣ್ಣ ತಟ್ಟೆಯ ಮುಂದೆ ಕೂತವನು, ಇದು ಯಾವ ರೊಟ್ಟಿ ಎಂದು ತಿಳಿದು, ಎದ್ದು ಹಿತ್ತಲಿಗೆ ಹೋದ. ಬಹಳ ಹೊತ್ತು ಒಳಗೆ ಬರಲಿಲ್ಲ.

ಅತ್ತರೆ ಹಗುರಾಗುತ್ತದೆ ಅನ್ನುತ್ತಾರೆ. ನನಗೆ ಹಗುರಾಗಲಿಲ್ಲ. ಜೋಮು ಹಿಡಿದ ಕಾಲಿಗೆ ರಕ್ತ ಹರಿದಾಗಲೇ ಉರಿ ಗೊತ್ತಾಗುವ ಹಾಗೆ, ಅಲ್ಲಿಯವರೆಗೆ ಸತ್ತಂತಿದ್ದದ್ದು ಆಮೇಲೆ ಸುಡತೊಡಗಿತು. ಕೆಲವು ವಾರ ಗುಡ್ಡಕ್ಕೂ ಹೋಗಲಾಗಲಿಲ್ಲ. ಹಳೆಯದಕ್ಕಿಂತ ಆಳದ ಗುಂಡಿ ಅದು. ಗುಳಿಗೆಯ ಡಾಕ್ಟರು ಗುಳಿಗೆ ಬದಲಿಸಿದರು. ಖಾಜಾಬಿ ದಿನಾ ಬಂದು ಹೊಸ್ತಿಲ ಮೇಲೆ ಕೂತು ಎಲೆ ಅಡಿಕೆ ಜಗಿದು ಹೋಗುತ್ತಿದ್ದಳು. ಏಳು ಎನ್ನಲಿಲ್ಲ, ಮಲಗು ಎನ್ನಲಿಲ್ಲ. ಒಂದೇ ಒಂದು ಬದಲಾಗಿತ್ತು. ನನಗೆ ನಗಿಸಲು ಬರುತ್ತಿರಲಿಲ್ಲ. ಬಾಯಿ ತೆರೆದರೆ ಕತೆ ಹುಟ್ಟುತ್ತಿರಲಿಲ್ಲ. ಇದ್ದ ಒಂದು ಬದುಕುವ ದಾರಿಯೂ ಹೋಯಿತು ಎಂದು ಹೆದರಿದೆ.

ಹಾಗೇ ಬರಿಬಾಯಿಯಲ್ಲಿ ಗೋಗಿಗೆ ಹೋದೆ. ಅಂಗಳದಲ್ಲಿ ಕೂತೆ. ಅಕ್ಕಪಕ್ಕದವರು ಕತೆ ಕೇಳಲು ಬಂದರು. "ಇಲ್ಲವ್ವ, ಇವತ್ತು ಏನಿಲ್ಲ" ಎಂದೆ. ಸ್ವಲ್ಪ ಹೊತ್ತು ಕಾದು ಹೋದರು. ಅತ್ತೆ ಜೋಳ ಹಸನು ಮಾಡುತ್ತಿದ್ದರು, ನಾನೂ ಒಂದು ಮೊರ ಎಳೆದುಕೊಂಡೆ. ರೇಣಿ ದೂರದಿಂದ ನೋಡಿದಳು. ಕಂಬದ ಹತ್ತಿರ ಬಂದಳು. ಆಮೇಲೆ ಬಂದು, ಮುಟ್ಟದೆ, ನನ್ನ ಎದುರಿಗೆ ಕೂತು ಮೊರದಲ್ಲಿನ ಕಲ್ಲು ಆರಿಸತೊಡಗಿದಳು.

"ಅಳಾಕತ್ತೀ?" ಎಂದಳು.

"ಹ್ಞೂಂ."

"ಮಕ್ಕೊಂತಿ?"

"ಗೊತ್ತಿಲ್ಲವ್ವ."

ತಲೆಯಾಡಿಸಿದಳು. ಈ ಉತ್ತರ ಅವಳಿಗೆ ನಂಬುವ ಹಾಗಿತ್ತೆಂದು ತೋರುತ್ತದೆ. ಅತ್ತೆ ನನ್ನನ್ನು ನೋಡಿದರು, ಜೋಳ ನೋಡಿದರು. "ದಸರಾ ಸೂಟಿಗಿ ಕರ್ಕೊಂಡು ಬರ್ತೀನಿ. ನೋಡಮು" ಎಂದರು.

ದಸರಾ ರಜೆಗೆ ಇಬ್ಬರೂ ಬಂದರು. ಮೊದಲ ಕೆಲವು ದಿನ ಎದ್ದೆ, ರೊಟ್ಟಿ ಬಡಿದೆ, ರೇಣಿಗೆ ಎಣ್ಣೆ ಹಚ್ಚಿ ಎರೆದೆ. ಅವಳನ್ನು ಗುಡ್ಡಕ್ಕೂ ಕರೆದೊಯ್ದೆ. ಮಳೆಗೆ ಉಳಿದ ಸಸಿಗಳು ಚಿಗುರಿದ್ದವು, ಉಳಿದದ್ದು ಕಡಿಮೆ. ನಾನು ಒಳಗೊಳಗೇ ಲೆಕ್ಕ ಹಾಕತೊಡಗಿದೆ: ಇನ್ನು ಕಳಿಸುವುದು ಬೇಡ, ಸುರಪುರದ ಶಾಲೆಗೇ ಮತ್ತೆ ಹಚ್ಚೋಣ. ಅದನ್ನು ಅತ್ತೆಗೆ ಹೇಳಬೇಕೆಂದುಕೊಂಡ ದಿನದ ಬೆಳಿಗ್ಗೆ ನನಗೆ ಏಳಲಾಗಲಿಲ್ಲ. ಕಾರಣವಿಲ್ಲ, ಏನೂ ನಡೆದಿರಲಿಲ್ಲ. ಕೈಕಾಲಿಗೆ ಕಲ್ಲು ಕಟ್ಟಿದಂತೆ ಮಲಗಿದೆ. ಅತ್ತೆ ಚಹಾ ತಂದಿಟ್ಟರು, ಅದು ಆರಿತು. ಮರುದಿನವೂ ಹಾಗೇ. ಅತ್ತೆ ಗಂಟು ಕಟ್ಟುವ ಸದ್ದು ಗೋಡೆಯ ಕಡೆ ಮುಖ ಮಾಡಿಯೇ ಕೇಳಿದೆ.

"ಸಾಲಿ ಸುರು ಆಗ್ತದ. ಹೊಂಡ್ತೀವಿ" ಎಂದರು. ಬೈಯಲಿಲ್ಲ. ಬೈದಿದ್ದರೆ ಎದ್ದು ಜಗಳವಾಡಬಹುದಿತ್ತು.

ಎದ್ದು ಸೀರೆ ಬದಲಿಸಿದೆ. ಶಹಾಪುರದವರೆಗೆ ಕಳಿಸಿ ಬರುತ್ತೇನೆ ಎಂದೆ. ಶಹಾಪುರದ ಬಸ್‌ಸ್ಟ್ಯಾಂಡಿನ ಹೊರಗೆ ಗೋಗಿಯ ಟಂಟಂ ತುಂಬುತ್ತಿತ್ತು. ಅತ್ತೆ ಹತ್ತಿದರು, ರೇಣಿಯನ್ನು ಎತ್ತಿ ಪಕ್ಕದಲ್ಲಿ ಕೂರಿಸಿದೆ. ಡ್ರೈವರು "ಇನ್ನೊಂದು ಸೀಟ್, ಇನ್ನೊಂದು ಸೀಟ್" ಎಂದು ಕೂಗುತ್ತಿದ್ದ. ನಾನು ಸರಳು ಹಿಡಿದುಕೊಂಡು ನಿಂತೆ. ಅತ್ತೆ ಗಂಟನ್ನು ಎತ್ತಿ ಕಾಲಕೆಳಗೆ ಹಾಕಿಕೊಂಡು ಸರಿದರು.

"ಹತ್ತು" ಎಂದರು.

"ಬಟ್ಟಿ ತಂದಿಲ್ಲತ್ತಿ."

"ನನ್ನವು ಅವ. ಹತ್ತು."

ಹತ್ತಿದೆ. ಊರು ದಾಟುವ ಮೊದಲೇ ರೇಣಿಗೆ ನಿದ್ದೆ ಬಂತು. ತಲೆ ಅಜ್ಜಿಯ ತೊಡೆಯ ಮೇಲಿಟ್ಟಳು. ಕಾಲು ಚಾಚಲು ಜಾಗ ಸಾಲದೆ ನನ್ನ ತೊಡೆಯ ಮೇಲೆ ಹಾಕಿದಳು. ಗೋಗಿ ಬರುವವರೆಗೆ ನಾನು ಆ ಕಾಲು ಹಿಡಿದುಕೊಂಡು ಕೂತಿದ್ದೆ.